ಸಣಕಲನ ಚೆಕ್‌ರೋಲ್

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಕಾಯುವ ನಮ್ಮಂಥವರು ಅಧಿಸೂಚನೆ ಬಂದ ಕೂಡಲೇ ನೋಡುವುದು ಹುದ್ದೆಗಳ ಸಂಖ್ಯೆಯನ್ನು. ಆಮೇಲೆ ವಯೋಮಿತಿ, ಮೀಸಲಾತಿ, ಕೊನೆಯ ದಿನಾಂಕ. ದೇಹದಾರ್ಢ್ಯದ ಪುಟ ಬರುವ ಹೊತ್ತಿಗೆ ಕಣ್ಣು ಸುಮ್ಮನೆ ಓಡುತ್ತಿರುತ್ತದೆ. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಯ ಆ ಪುಟದಲ್ಲಿ ಒಂದು ಸಾಲಿದೆ. ಪುರುಷ ಅಭ್ಯರ್ಥಿಗಳಿಗೆ ಎತ್ತರ 168 ಸೆಂ.ಮೀ., ಎದೆಯ ಸುತ್ತಳತೆ 86 ಸೆಂ.ಮೀ., ಉಸಿರು ತುಂಬಿಕೊಂಡಾಗ ಎದೆ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಲಿಖಿತ ಪರೀಕ್ಷೆಗೆ ಪುಸ್ತಕಗಳಿವೆ, ಕೋಚಿಂಗ್ ಇದೆ, ಹಳೆಯ ಪ್ರಶ್ನೆಪತ್ರಿಕೆಗಳಿವೆ. ಎತ್ತರ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡಿರುವುದು ಎದೆ.

ನನ್ನ ಎತ್ತರ 171 ಸೆಂ.ಮೀ. ಅದರಲ್ಲಿ ತಕರಾರಿಲ್ಲ. ಬಿ.ಕಾಂ. ಮುಗಿಸಿದಾಗ ತೂಕ 51 ಕೆ.ಜಿ. ಇತ್ತು. ಸುಂಟಿಕೊಪ್ಪದ ಟೈಲರ್ ಒಬ್ಬರು ಟೇಪು ಹಿಡಿದು ಎದೆ ಮೂವತ್ತೊಂದೂವರೆ ಇಂಚು ಎಂದರು, ಅಂದರೆ 80 ಸೆಂ.ಮೀ. ಉಸಿರು ಬಿಗಿಹಿಡಿದರೆ 84. ಎತ್ತರ ಮತ್ತು ತೂಕದ ಲೆಕ್ಕ ಹಾಕಿದರೆ ಬಾಡಿ ಮಾಸ್ ಇಂಡೆಕ್ಸ್ 17.4. ಆರೋಗ್ಯ ಸಂಸ್ಥೆಗಳ ಪ್ರಕಾರ 18.5ಕ್ಕಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕ. ನಮ್ಮ ಭಾಷೆಯಲ್ಲಿ ಸಣಕಲ, ಕಡ್ಡಿ, ಹಂಚಿಕಡ್ಡಿ. ಹೆಸರುಗಳಿಗೇನೂ ಬರವಿಲ್ಲ.

ಕೊಡಗಿನಲ್ಲಿ ಸಣಕಲನಾಗಿರುವುದಕ್ಕೆ ಬೇರೆಯದೇ ಒಂದು ಕಷ್ಟವಿದೆ. ಹೊರಗಿನವರಿಗೆ ಕೊಡಗು ಎಂದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ, ಹಾಕಿ. ಮೈಸೂರಿನಲ್ಲಿ ಹಾಸ್ಟೆಲ್ ಸೇರಿದ ಮೊದಲ ವಾರವೇ, ‘ಕೊಡಗಿನವನಾ? ನೋಡಿದ್ರೆ ಹಾಗನ್ಸಲ್ವಲ್ಲೋ’ ಎಂದವರು ಎಷ್ಟೋ ಜನ. ಕೊಡಗಿನಲ್ಲಿ ಸೈನಿಕರ ಮನೆಗಳಷ್ಟೇ ಇಲ್ಲ, ತೋಟದ ಲೈನ್ ಮನೆಗಳೂ ಇವೆ ಎನ್ನುವುದು ಅವರಿಗೆ ಹೊಳೆದಿರಲಿಕ್ಕಿಲ್ಲ. ನನ್ನಪ್ಪ ಒಂದು ಕಾಫಿ ತೋಟದಲ್ಲಿ ರೈಟರ್. ಯಾರು ಕೆಲಸಕ್ಕೆ ಬಂದರು, ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಯಾರಿಗೆ ಎಷ್ಟು ಕೂಲಿ ಎಂದು ಚೆಕ್‌ರೋಲ್ ಪುಸ್ತಕದಲ್ಲಿ ಬರೆಯುವವರು. ನಾನು ಬೆಳೆದದ್ದು ಆ ಪುಸ್ತಕ, ಕಣದಲ್ಲಿ ಒಣಗುವ ಕಾಫಿ ಮತ್ತು ಗೋಣಿಚೀಲಗಳ ನಡುವೆ.

ಅಂದಹಾಗೆ, ತೆಳ್ಳಗಿರುವುದು ಕೀಳೇನಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಆಟ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ದಪ್ಪ ತೋಳಿನಿಂದಲ್ಲ, ವೇಗದಿಂದ ಅವರು ಎರಡು ಒಲಿಂಪಿಕ್ಸ್ ಆಡಿದರು, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಆದರೆ ಟೇಪಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು 86.

ನನ್ನನ್ನು ಯೋಚನೆಗೆ ಹಚ್ಚಿದ್ದು ಮಾತ್ರ ಬೇರೆಯೇ ಒಂದು ಪ್ರಶ್ನೆ. ಒಣಗಿದ ಕಾಫಿಯ ಒಂದು ಚೀಲ 50 ಕೆ.ಜಿ. ತೂಗುತ್ತದೆ. ಅದನ್ನು ಹೆಗಲಿಗೇರಿಸಿ ಗೋದಾಮಿನಿಂದ ಲಾರಿಗೆ ಹಾಕುವ ಅಣ್ಣಂದಿರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬಿದಿರಿನ ಒಂಟಿ ಏಣಿ ಹತ್ತಿ ಕರಿಮೆಣಸು ಕೊಯ್ಯುವವರನ್ನು, ಫೆಬ್ರುವರಿಯಲ್ಲಿ ತೋಟಕ್ಕೆ ನೀರು ಹಾರಿಸಲು ಸ್ಪ್ರಿಂಕ್ಲರ್ ಪೈಪು ಹೊತ್ತು ಇಳಿಜಾರು ಹತ್ತಿಳಿಯುವವರನ್ನು ನೋಡಿದ್ದೇನೆ. ಭಾರ ಎತ್ತಿದರೆ ಸ್ನಾಯು ಬೆಳೆಯುತ್ತದೆ ಎನ್ನುವುದು ನಿಜವಾದರೆ ಇವರೆಲ್ಲ ಪೈಲ್ವಾನರಾಗಬೇಕಿತ್ತು. ಹೆಚ್ಚಿನವರು ನನ್ನ ಹಾಗೆಯೇ ತೆಳ್ಳಗಿದ್ದಾರೆ. ಗಟ್ಟಿ ಇದ್ದಾರೆ, ನರ ಎದ್ದು ಕಾಣುತ್ತದೆ. ದಪ್ಪ ಮಾತ್ರ ಆಗಿಲ್ಲ.

ಅಪ್ಪನನ್ನು ಕೇಳಿದೆ. ಚೆಕ್‌ರೋಲಿನಿಂದ ತಲೆ ಎತ್ತದೆಯೇ, ‘ಚೀಲ ಹತ್ತು ವರ್ಷದಿಂದ ಐವತ್ತೇ ಕೆ.ಜಿ. ಅಲ್ವಾ ಮಗಾ? ಊಟಾನೂ ಹತ್ತು ವರ್ಷದಿಂದ ಅಷ್ಟೇ’ ಎಂದರು.

ವ್ಯಾಯಾಮ ವಿಜ್ಞಾನದ ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿರುವುದೂ ಇದನ್ನೇ. ಸ್ನಾಯು ಬೆಳೆಯುವುದು ಅಭ್ಯಾಸವಾದ ಭಾರಕ್ಕಲ್ಲ, ಅಭ್ಯಾಸಕ್ಕಿಂತ ಸ್ವಲ್ಪ ಹೆಚ್ಚಿನ ಭಾರಕ್ಕೆ. ದೇಹ ಒಮ್ಮೆ 50 ಕೆ.ಜಿ.ಗೆ ಹೊಂದಿಕೊಂಡ ಮೇಲೆ ಹೊಸ ಸ್ನಾಯು ಕಟ್ಟುವ ಅಗತ್ಯ ಅದಕ್ಕೆ ಕಾಣುವುದಿಲ್ಲ. ಕಟ್ಟಬೇಕೆಂದರೂ ಸಾಮಾನು ಬೇಕಲ್ಲ, ದಿನವಿಡೀ ಗುಡ್ಡ ಹತ್ತಿಳಿದು ತಿಂದದ್ದೆಲ್ಲ ಉರಿದುಹೋದ ಮೇಲೆ ಉಳಿಯುವುದೇನು? ಏರುವ ಭಾರ, ಮಿಗುವ ಊಟ, ಬಿಡುವು. ಮೂರೂ ಒಟ್ಟಿಗೆ ಸಿಗಬೇಕು. ನಮ್ಮ ಕಾರ್ಮಿಕರಿಗೆ ಭಾರ ಒಂದು ಮಾತ್ರ ಸಿಕ್ಕಿದೆ. ಇದನ್ನು ಬರೆಯುವಾಗ ಸ್ವಲ್ಪ ಸಂಕಟವೂ ಆಗುತ್ತದೆ. ನನಗೆ ಇದು ನೌಕರಿಯ ಲೆಕ್ಕಾಚಾರ, ಅವರಿಗೆ ಅದೇ ಬದುಕು.

ಶುರು ಮಾಡುವ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದೆ. ತೆಳ್ಳಗಿರುವವರೆಲ್ಲ ಒಮ್ಮೆ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದ್ದರೆ, ಕ್ಷಯವಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಹೊಟ್ಟೆಯಲ್ಲಿ ಜಂತುಹುಳುವಿದ್ದರೆ ಎಷ್ಟು ತಿಂದರೂ ಮೈ ಹತ್ತುವುದಿಲ್ಲ. ಇದ್ದ ತೂಕ ಇದ್ದಕ್ಕಿದ್ದಂತೆ ಇಳಿಯುತ್ತಿದ್ದರಂತೂ ಜಿಮ್ ಅಲ್ಲ, ಮೊದಲು ಡಾಕ್ಟರ್. ನನ್ನ ರಕ್ತದ ವರದಿಯಲ್ಲಿ ಎಲ್ಲವೂ ಸರಿಯಿತ್ತು. ಡಾಕ್ಟರು ನಕ್ಕು, ‘ನಿಮ್ಮ ಮನೇಲಿ ಎಲ್ಲರೂ ಹೀಗೇನಾ?’ ಎಂದು ಕೇಳಿದರು. ಹೌದು, ಅಪ್ಪ, ಚಿಕ್ಕಪ್ಪ, ತೀರಿಹೋದ ತಾತ, ಎಲ್ಲರೂ ಹೀಗೇ.

ಹಾಗಾದರೆ ವಂಶದಲ್ಲೇ ಇದೆಯೆಂದು ಕೈಕಟ್ಟಿ ಕೂರಬೇಕೇ? ತೆಳ್ಳಗಿನವರೆಲ್ಲ ಹೇಳುವ ಒಂದು ಮಾತಿದೆ, ‘ನಾನು ಎಷ್ಟು ತಿಂದರೂ ದಪ್ಪ ಆಗಲ್ಲ.’ ಇದು ಪೂರ್ತಿ ಸುಳ್ಳಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲಿವೈನ್ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಪ್ಪವಿಲ್ಲದ 16 ಜನರಿಗೆ ಎಂಟು ವಾರ ಕಾಲ ದಿನವೂ ಅಗತ್ಯಕ್ಕಿಂತ 1,000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಎಲ್ಲರಿಗೂ ಅಷ್ಟೇ ಹೆಚ್ಚುವರಿ ಊಟ. ಆದರೆ ಒಬ್ಬರ ಮೈಯಲ್ಲಿ ಕೊಬ್ಬು ಏರಿದ್ದು ಅರ್ಧ ಕೆ.ಜಿ.ಗೂ ಕಡಿಮೆ, ಇನ್ನೊಬ್ಬರಿಗೆ 4 ಕೆ.ಜಿ.ಗೂ ಹೆಚ್ಚು. ವ್ಯತ್ಯಾಸ ಎಲ್ಲಿಂದ ಬಂತು? ವ್ಯಾಯಾಮದಿಂದಲ್ಲ. ಕಡಿಮೆ ದಪ್ಪವಾದವರು ತಮಗೇ ಗೊತ್ತಿಲ್ಲದಂತೆ ಹೆಚ್ಚು ಚಲಿಸತೊಡಗಿದ್ದರು. ಕೂತಲ್ಲಿ ಕಾಲು ಕುಣಿಸುವುದು, ಎದ್ದು ಓಡಾಡುವುದು, ನಿಂತುಕೊಂಡೇ ಇರುವುದು. ಹೆಚ್ಚು ಬಂದ ಸೌದೆಯನ್ನು ಒಲೆ ತಾನೇ ಹೆಚ್ಚು ಉರಿದು ಮುಗಿಸಿದ ಹಾಗೆ.

ಇದನ್ನು ಓದಿದ ದಿನ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಕಾಲಿನ ಕಡೆ ನೋಡಿದಳು. ಬಲಗಾಲು ಕುರ್ಚಿಯ ಕೆಳಗೆ ಹೊಲಿಗೆ ಮೆಷಿನ್ನಿನಂತೆ ಕುಣಿಯುತ್ತಿತ್ತು.

ಅಂದರೆ ನನ್ನಂಥವರಿಗೆ ಅಂದಾಜಿನ ಊಟ ಸಾಲದು. ಹಬ್ಬದ ದಿನ ಹೊಟ್ಟೆಬಿರಿಯೆ ತಿಂದದ್ದು ನೆನಪಿರುತ್ತದೆ, ಮರುದಿನ ಮಧ್ಯಾಹ್ನ ಹಸಿವಿಲ್ಲದೆ ಅರ್ಧ ತಟ್ಟೆ ಬಿಟ್ಟದ್ದು ನೆನಪಿರುವುದಿಲ್ಲ. ಹಾಗಾಗಿ ಅಪ್ಪನ ಹಳೆಯ ಚೆಕ್‌ರೋಲ್ ಪುಸ್ತಕ ಒಂದನ್ನು ಕೇಳಿ ಪಡೆದೆ. ಕಾರ್ಮಿಕರ ಹೆಸರಿನ ಜಾಗದಲ್ಲಿ ಅನ್ನ, ಮೊಟ್ಟೆ, ಹಾಲು, ಕಡಲೆಕಾಯಿ. ದಿನದ ಮನೆಗಳಲ್ಲಿ ಎಷ್ಟು ಎನ್ನುವ ಲೆಕ್ಕ. ಕೆಳಗೆ ದಂಡೆ, ಬಸ್ಕಿ, ಪುಲ್‌ಅಪ್. ತಿಂಗಳ ಕೊನೆಯಲ್ಲಿ ತೂಕ. ಅಪ್ಪ ಒಮ್ಮೊಮ್ಮೆ ಅದನ್ನು ತೆರೆದು ನೋಡಿ, ಗೈರುಹಾಜರಾದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಅವರ ಕೆಲಸದ ಚಟ.

ಮೊದಲ ವಾರದ ಲೆಕ್ಕವೇ ಎಲ್ಲವನ್ನೂ ಹೇಳಿತು. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಚಟ್ನಿ, ಕಾಫಿ. ಮಧ್ಯಾಹ್ನ ಅನ್ನ, ಸಾರು. ರಾತ್ರಿಯೂ ಅನ್ನ, ಸಾರು. 100 ಗ್ರಾಂ ಅಕ್ಕಿಯಲ್ಲಿ ಪ್ರೊಟೀನ್ ಇರುವುದು ಸುಮಾರು 7 ಗ್ರಾಂ. ಎಷ್ಟು ಎಳೆದರೂ ದಿನದ ಮೊತ್ತ 40 ಗ್ರಾಂ ದಾಟುತ್ತಿರಲಿಲ್ಲ. ಸಾಮಾನ್ಯ ಬದುಕಿಗೆ ಇದು ಹೆಚ್ಚುಕಡಿಮೆ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಕೂಡ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. ಆದರೆ ಸ್ನಾಯು ಕಟ್ಟುವವರ ಲೆಕ್ಕ ಬೇರೆ. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ, ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ದಾಟಿದರೆ ಹೆಚ್ಚಿನ ಲಾಭ ಕಾಣುವುದಿಲ್ಲ ಎಂದಿತು. ನನ್ನ 51 ಕೆ.ಜಿ.ಗೆ ಅದು 82 ಗ್ರಾಂ. ಇದ್ದದ್ದರ ಎರಡರಷ್ಟು.

ಅನ್ನ ಬಿಡಲಿಲ್ಲ. ತೆಳ್ಳಗಿನವರಿಗೆ ಅನ್ನ ಶತ್ರುವಲ್ಲ, ಕ್ಯಾಲೊರಿ ಬರುವುದೇ ಅಲ್ಲಿಂದ. ಅದರ ಜೊತೆಗೆ ಮೂರು ಮೊಟ್ಟೆ (18 ಗ್ರಾಂ), ಅರ್ಧ ಲೀಟರ್ ಹಾಲು (16 ಗ್ರಾಂ), ಒಂದು ಹಿಡಿ ಕಡಲೆಕಾಯಿ ಬೀಜ (12 ಗ್ರಾಂ) ಸೇರಿಸಿದೆ. ಮೊಟ್ಟೆ ತಿನ್ನದ ದಿನ 50 ಗ್ರಾಂ ಸೋಯಾ ಚಂಕ್ಸ್. ಕಿರಾಣಿ ಅಂಗಡಿಯಲ್ಲಿ ಸಿಗುವ ಪ್ರೊಟೀನ್‌ಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ, 50 ಗ್ರಾಂನಲ್ಲೇ 25 ಗ್ರಾಂನಷ್ಟು ಪ್ರೊಟೀನ್. ರುಚಿಯ ಬಗ್ಗೆ ಮಾತು ಬೇಡ. ಮಸಾಲೆ ಅರೆದು ಹಾಕಿದರೆ ಅಮ್ಮನ ಕೈಯಲ್ಲಿ ಅದೂ ತಿನ್ನುವ ಹಾಗೆ ಆಗುತ್ತದೆ. ಸಾರಿಗೆ ಹುರುಳಿ, ಹೆಸರುಕಾಳು. ಮೀನಿನ ಗಾಡಿ ಬಂದ ದಿನ ಮತ್ತಿ. ತೋಟದಲ್ಲಿ ಬೆಣ್ಣೆಹಣ್ಣು ಬಿಡುವ ಕಾಲಕ್ಕೆ ಅದು. ಮೈಸೂರಿನ ಜಿಮ್ ಹುಡುಗರು ಅವಕಾಡೊ ಎಂದು ದುಡ್ಡು ಕೊಟ್ಟು ತಿನ್ನುವುದು ನಮ್ಮಲ್ಲಿ ಕಾಫಿ ಗಿಡದ ಬುಡದಲ್ಲಿ ಬಿದ್ದು ಕೊಳೆಯುತ್ತದೆ. ಹಂದಿ ಸಾರು ಯಾರಾದರೂ ಊಟಕ್ಕೆ ಕರೆದಾಗ ಮಾತ್ರ.

ಎಲ್ಲ ಸೇರಿ ದಿನಕ್ಕೆ ಅರವತ್ತು ರೂಪಾಯಿ ಹೆಚ್ಚು ಖರ್ಚಾಯಿತು. ನಮ್ಮ ಮನೆಗೆ ಅದು ಸಣ್ಣ ಮೊತ್ತವಲ್ಲ. ಕೊಯ್ಲಿನ ಮೂರು ತಿಂಗಳು ಭಾನುವಾರ ನಾನೂ ಕೊಯ್ಯಲು ಹೋಗಿ ಅದನ್ನು ಹೊಂದಿಸಿದೆ. ಹಾಗಾಗಿ ಇದೇ ದುಡ್ಡಿಗೆ ಡಬ್ಬಿ ಕೊಳ್ಳುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಗೆಳೆಯನೊಬ್ಬ ಮಾಸ್ ಗೇನರ್ ಡಬ್ಬಿ ತೋರಿಸಿದ. ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿದೆವು. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆನ್ನುವುದು ನಿಯಮ. ಮೊದಲು ಬರೆದಿದ್ದದ್ದು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡುವ ಒಂದು ಪುಡಿ. ಅಕ್ಕಿಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಬೆಲೆ. ವೇ ಪ್ರೊಟೀನ್ ಬೇರೆ ವಿಷಯ, ಅದು ಹಾಲಿನದೇ ಭಾಗ. ಕ್ರಿಯಾಟಿನ್ ಕೂಡ ಹೆಚ್ಚು ಅಧ್ಯಯನವಾಗಿರುವ, ಕೆಲಸ ಮಾಡುವ ಪದಾರ್ಥವೇ. ದುಡ್ಡಿದ್ದವರು, ಡಾಕ್ಟರನ್ನು ಕೇಳಿ, ಬಳಸಲಿ. ನಾನು ಅವೆರಡೂ ಇಲ್ಲದೆ ನಡೆಸಿದ್ದೇನೆ.

ಪಕ್ಕದ ಮನೆಯ ಅಜ್ಜಿಗೆ ಇದೆಲ್ಲದರ ಬಗ್ಗೆ ಬೇರೆಯೇ ಅಭಿಪ್ರಾಯ. ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧ ಸೇರಿರುತ್ತದೆ ಎನ್ನುವುದು ಕೊಡಗಿನ ನಂಬಿಕೆ. ನೇರಳೆ ಬಣ್ಣದ ಆ ಪಾಯಸ ತಂದುಕೊಟ್ಟು, ‘ಇದನ್ನ ತಿನ್ನು, ಮೈ ಬರುತ್ತೆ’ ಎನ್ನುತ್ತಾರೆ. ಬೆಲ್ಲ, ತೆಂಗಿನಹಾಲು, ಮೇಲೊಂದು ಚಮಚ ತುಪ್ಪ. ಮೈ ಬರದೆ ಇನ್ನೇನು? ನಾನು ಎರಡು ಲೋಟ ತಿಂದು ಚೆಕ್‌ರೋಲಿನಲ್ಲಿ ಬರೆದುಕೊಂಡೆ.

ಈಗ ಭಾರದ ವಿಷಯ. ನಮ್ಮ ತೋಟದಿಂದ ಜಿಮ್ ಇರುವ ಪೇಟೆಗೆ ಬಸ್ಸಿನಲ್ಲಿ ಹೋಗಿ ಬರುವುದೇ ಅರ್ಧ ದಿನದ ಕೆಲಸ. ಜಿಮ್ ಇಲ್ಲದಿದ್ದರೆ ಆಗುತ್ತದೆಯೇ ಎನ್ನುವ ಅನುಮಾನಕ್ಕೆ ಉತ್ತರ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಲ್ಲಿ ಸಿಕ್ಕಿತು. ಅಲ್ಲಿ 49 ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 8ರಿಂದ 12 ಬಾರಿ ಎತ್ತಬಹುದಾದ ಹೆಚ್ಚಿನ ಭಾರ, ಇನ್ನೊಂದಕ್ಕೆ 20ರಿಂದ 25 ಬಾರಿ ಎತ್ತಬಹುದಾದ ಕಡಿಮೆ ಭಾರ ಕೊಟ್ಟರು. ಎರಡೂ ಗುಂಪು ಇನ್ನು ಆಗುವುದೇ ಇಲ್ಲ ಎನ್ನುವವರೆಗೆ ಎತ್ತಬೇಕು. 12 ವಾರದ ನಂತರ ಸ್ನಾಯುವಿನ ಬೆಳವಣಿಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಭಾರ ಯಾವುದಾದರೂ ಇರಲಿ, ಕೊನೆಯ ಕೆಲವು ಬಾರಿ ನಿಜವಾಗಿ ಕಷ್ಟವಾಗಬೇಕು, ಅಷ್ಟೇ.

ಹಾಗಾಗಿ ನನ್ನ ಜಿಮ್ ಕಾಫಿ ಕಣ. ಗೊಬ್ಬರದ ಖಾಲಿ ಚೀಲಕ್ಕೆ ಹತ್ತು ಕೆ.ಜಿ. ಮರಳು ತುಂಬಿ ಬಾಯಿ ಹೊಲಿದೆ. ಗೋದಾಮಿನ ತೂಕದ ಯಂತ್ರ ಇದ್ದದ್ದು ಅನುಕೂಲವಾಯಿತು. ಪುಲ್‌ಅಪ್‌ಗೆ ಸೀಬೆ ಮರದ ಕೊಂಬೆ. ವಾರಕ್ಕೆ ಮೂರು ದಿನ ದಂಡೆ, ಪುಲ್‌ಅಪ್, ಚೀಲ ಹೊತ್ತು ಬಸ್ಕಿ, ಬಗ್ಗಿ ನಿಂತು ಚೀಲವನ್ನು ಹೊಟ್ಟೆಯವರೆಗೆ ಎಳೆಯುವುದು, ತಲೆ ಮೇಲೆ ಎತ್ತುವುದು. ಮುಕ್ಕಾಲು ಗಂಟೆ. ಉಳಿದ ದಿನ ಚೀಲ ಮುಟ್ಟುವುದಿಲ್ಲ.

ಮೊದಲ ದಿನ ದಂಡೆ ಒಂಬತ್ತು, ಪುಲ್‌ಅಪ್ ಸೊನ್ನೆ. ಪುಲ್‌ಅಪ್ ಬಾರದವರಿಗೆ ಒಂದು ಉಪಾಯವಿದೆ. ಸ್ಟೂಲಿನ ಮೇಲಿಂದ ಗಲ್ಲವನ್ನು ಕೊಂಬೆಯ ಮೇಲೆ ತಂದುಕೊಂಡು, ಅಲ್ಲಿಂದ ಐದಾರು ಸೆಕೆಂಡು ನಿಧಾನವಾಗಿ ಕೆಳಗಿಳಿಯುವುದು. ಏರಲು ಆಗದ ಸ್ನಾಯುವಿಗೂ ಇಳಿಯುವುದನ್ನು ತಡೆಯಲು ಆಗುತ್ತದೆ. ಏಳು ವಾರ ಬರೀ ಇಳಿದೆ. ಎಂಟನೇ ವಾರ ಒಂದು ಸಲ ಏರಿದೆ. ಈಗ ಎಂಟು ಏರುತ್ತೇನೆ. ದಂಡೆ ಮೂವತ್ತು ದಾಟಿದ ಮೇಲೆ ಬೆನ್ನ ಮೇಲೆ ಮರಳಿನ ಸಣ್ಣ ಚೀಲ ಇಟ್ಟುಕೊಂಡೆ. ಬಸ್ಕಿಯ ಚೀಲ ಹತ್ತರಿಂದ ನಲವತ್ತು ಕೆ.ಜಿ.ಗೆ ಬಂದಿದೆ. ಒಂದೊಂದು ವಾರ ಒಂದು ಸೇರು ಮರಳು ಹೆಚ್ಚು, ಅಷ್ಟೇ. ಚೀಲ ಐವತ್ತಕ್ಕೇ ನಿಲ್ಲಬಾರದು ಎನ್ನುವುದು ಅಪ್ಪನ ಮಾತಿನಿಂದ ಕಲಿತದ್ದು.

ಎದೆಯ ಅಳತೆಯ ಬಗ್ಗೆ ತಯಾರಿ ನಡೆಸುವ ಗೆಳೆಯರಿಗೆ ಒಂದು ಮಾತು. ಟೇಪು ಎದೆಯನ್ನಷ್ಟೇ ಅಳೆಯುವುದಿಲ್ಲ, ಬೆನ್ನನ್ನೂ ಸುತ್ತಿ ಬರುತ್ತದೆ. ಕಂಕುಳ ಕೆಳಗಿನಿಂದ ಸೊಂಟದವರೆಗೆ ಹರಡಿರುವ ಬೆನ್ನಿನ ಅಗಲ ಸ್ನಾಯು ಬೆಳೆದರೆ ಸುತ್ತಳತೆಗೆ ಅದೂ ಸೇರುತ್ತದೆ. ದಂಡೆ ಮಾತ್ರ ಹೊಡೆಯುತ್ತ ಕೂತವರಿಗಿಂತ ಪುಲ್‌ಅಪ್ ಸೇರಿಸಿಕೊಂಡವರ ಅಳತೆ ಬೇಗ ಏರುತ್ತದೆ ಎನ್ನುವುದು ನಮ್ಮ ಗುಂಪಿನ ನಾಲ್ವರ ಅನುಭವ. ಹಿಗ್ಗುವ 5 ಸೆಂ.ಮೀ.ಗೆ ಬೇರೆ ಅಭ್ಯಾಸ ಬೇಕು. ಬೆಳಿಗ್ಗೆ ಹತ್ತು ನಿಮಿಷ, ಹೊಟ್ಟೆ ಉಬ್ಬಿಸದೆ ಪಕ್ಕೆಲುಬು ಅಗಲವಾಗುವಂತೆ ನಿಧಾನ ಉಸಿರು. ಉಸಿರು ಎಳೆಯುವ ಮೊದಲೇ ಟೇಪು 86 ತೋರಿಸಿದರೆ ಯಾರ ಅಳತೆಗೂ ಹೆದರಬೇಕಿಲ್ಲ ಎಂದು ನಾನು ಗುರಿ ಇಟ್ಟುಕೊಂಡೆ.

ಇಷ್ಟೆಲ್ಲ ಮಾಡಿ ಮೊದಲ ತಿಂಗಳು ಏರಿದ್ದು ಒಂದು ಕೆ.ಜಿ. ಎರಡನೇ ತಿಂಗಳು ಮುಕ್ಕಾಲು. ಆ ಹೊತ್ತಿಗೇ ನಗರದ ಜಿಮ್ ಒಂದರಲ್ಲಿ ಸೇರಿದ್ದ ಪರಿಚಿತನೊಬ್ಬ ಮೂರೇ ತಿಂಗಳಲ್ಲಿ ಶರ್ಟ್ ಹಿಡಿಸದಷ್ಟು ಬೆಳೆದು ಊರಿಗೆ ಬಂದ. ಅಲ್ಲಿ ತರಬೇತಿ ಕೊಡುವವರೇ ಇಂಜೆಕ್ಷನ್ ಕೊಡಿಸಿದ್ದರಂತೆ. ‘ಒಂದು ಕೋರ್ಸ್ ಮಾಡು, ಸೆಲೆಕ್ಷನ್ ಆದ್ಮೇಲೆ ಬಿಟ್ಟುಬಿಡು’ ಎಂದ.

ಈ ಆಮಿಷದ ಬಲ ಎಷ್ಟೆನ್ನುವುದಕ್ಕೆ ಒಂದು ಲೆಕ್ಕವಿದೆ. 1996ರಲ್ಲಿ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 43 ಗಂಡಸರ ಮೇಲೆ ಹತ್ತು ವಾರದ ಪ್ರಯೋಗ ಮಾಡಿದರು. ಟೆಸ್ಟೋಸ್ಟಿರೋನ್ ಇಲ್ಲದೆ ವ್ಯಾಯಾಮ ಮಾಡಿದವರಿಗೆ ಕೊಬ್ಬಲ್ಲದ ತೂಕ ಸುಮಾರು 2 ಕೆ.ಜಿ. ಏರಿತು. ವ್ಯಾಯಾಮವನ್ನೇ ಮಾಡದೆ ವಾರಕ್ಕೊಮ್ಮೆ ಇಂಜೆಕ್ಷನ್ ಮಾತ್ರ ತೆಗೆದುಕೊಂಡವರಿಗೆ 3 ಕೆ.ಜಿ.! ಎರಡೂ ಮಾಡಿದವರಿಗೆ 6. ಕೂತು ತಿಂದವನು ಬೆವರು ಸುರಿಸಿದವನನ್ನು ಹಿಂದೆ ಹಾಕುವ ಓಟವಿದು. ರೀಲ್ಸ್‌ನಲ್ಲಿ ಕಾಣುವ ‘ಮೂರು ತಿಂಗಳ ಬದಲಾವಣೆ’ಯ ಪಕ್ಕದಲ್ಲಿ ನಮ್ಮ ಮೈ ಇಟ್ಟು ಅಳೆದುಕೊಂಡರೆ ಸೋಲು ಖಚಿತ, ಏಕೆಂದರೆ ಓಟವೇ ಒಂದಲ್ಲ. ಇನ್ನು ಬೆಲೆ. ಹೊರಗಿನಿಂದ ಹಾರ್ಮೋನು ಬರತೊಡಗಿದರೆ ದೇಹ ತನ್ನದನ್ನು ಮಾಡುವುದು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಹೃದಯ, ಯಕೃತ್ತು, ಮನಸ್ಸಿನ ಮೇಲೆಲ್ಲ ಏಟು ಬೀಳುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತೆಯೂ ಇಲ್ಲ. ಪೊಲೀಸ್ ಆಗಲು ಹೊರಟವನು ಕಾನೂನು ಮುರಿದು ಮಾರುವವರ ಗಿರಾಕಿಯಾಗುವುದು ನನಗಂತೂ ತಮಾಷೆಯಾಗಿ ಕಂಡಿತು.

ಸಹಜವಾಗಿ ಎಷ್ಟು ದೂರ ಹೋಗಬಹುದು ಎಂದು ನೋಡಲು ನಾನು ರೀಲ್ಸ್ ಬಿಟ್ಟು ಹಳೆಯ ಫೋಟೊಗಳಿಗೆ ಹೋದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಕನ್ನಡ ಓದಿದವರಿಗೆಲ್ಲ ಗೊತ್ತು. ಕೈಲಾಸಂ ಅವರ ಗೆಳೆಯ. ಆದರೆ ಅವರ ಮೊದಲ ಹೆಸರು ದೇಹದಾರ್ಢ್ಯದಲ್ಲಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, ಅಂಚೆ ಮೂಲಕವೂ ಪಾಠ ಕಳಿಸುತ್ತಿದ್ದರು, ಬಾರ್‌ಬೆಲ್ ಮತ್ತು ಸೂರ್ಯನಮಸ್ಕಾರವನ್ನು ಒಟ್ಟಿಗೆ ಕಲಿಸಿದರು. ಅವರ ‘ಮಸಲ್ ಕಲ್ಟ್’ ಪುಸ್ತಕ ಹೊರಬಂದದ್ದು 1930ರಲ್ಲಿ. ಟೆಸ್ಟೋಸ್ಟಿರೋನನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿ, ಕೃತಕವಾಗಿ ತಯಾರಿಸಿದ್ದು 1935ರಲ್ಲಿ. ಅಂದರೆ ಆ ಪುಸ್ತಕದ ಹೊತ್ತಿಗೆ ಅಯ್ಯರ್ ಕಟ್ಟಿದ್ದ ಮೈಯಲ್ಲಿ ಯಾವ ಇಂಜೆಕ್ಷನ್ನೂ ಇರಲು ಸಾಧ್ಯವೇ ಇಲ್ಲ. ಇವತ್ತಿನ ಸ್ಪರ್ಧೆಗಳ ಗಾತ್ರ ಆ ಫೋಟೊಗಳಲ್ಲಿಲ್ಲ. ಆದರೆ ಎಷ್ಟು ಚೆಂದದ ಭುಜ, ಎಂಥ ನಿಲುವು! ನನ್ನ ಕೋಣೆಯಲ್ಲಿ ಒಂದು ಪ್ರಿಂಟ್ ಅಂಟಿಸಿದ್ದೇನೆ. ಅಮ್ಮನಿಗೆ ಅದು ಯಾವುದೋ ಹಳೆಯ ಸಿನಿಮಾ ನಟ.

ಮಳೆಗಾಲದ್ದೇ ಒಂದು ಕತೆ. ಜೂನ್ ಬಂದರೆ ಕಣ ಪಾಚಿಗಟ್ಟುತ್ತದೆ, ಸೀಬೆ ಕೊಂಬೆ ಜಾರುತ್ತದೆ, ಮರಳಿನ ಚೀಲ ನೀರು ಕುಡಿದು ಒಂದೇ ರಾತ್ರಿಗೆ ಐದು ಕೆ.ಜಿ. ಹೆಚ್ಚಾಗಿರುತ್ತದೆ. ಅದು ಒಂಥರಾ ಪುಕ್ಕಟೆ ಪ್ರಗತಿ. ಗೋದಾಮಿನ ಜಗಲಿಗೆ ವ್ಯಾಯಾಮ ಸ್ಥಳಾಂತರವಾಯಿತು. ಓಟದ ಕಷ್ಟ ಮಳೆಗಾಲಕ್ಕೆ ಮಾತ್ರ ಸೇರಿದ್ದಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಓಡಿ ಎನ್ನುತ್ತವೆ ಯೂಟ್ಯೂಬ್ ಚಾನೆಲ್‌ಗಳು. ನಮ್ಮಲ್ಲಿ ಆ ಹೊತ್ತಿಗೆ ತೋಟದ ರಸ್ತೆ ಆನೆಗಳದ್ದು. ಬೆಳಕು ಹರಿದು, ಹಾಲಿನವನು ಬೈಕಿನಲ್ಲಿ ಬಂದು, ‘ದಾರಿ ಸಾಫ್ ಇದೆ’ ಎಂದ ಮೇಲೆಯೇ ನನ್ನ ಶೂ ಹೊರಬರುವುದು.

ಓಟದ ವಿಷಯದಲ್ಲಿ ಯಾರೂ ಮೊದಲೇ ಹೇಳದ ಸಂಗತಿಯೊಂದಿದೆ. ದೈಹಿಕ ಪರೀಕ್ಷೆಯಲ್ಲಿ 1,600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. 51 ಕೆ.ಜಿ. ಇದ್ದಾಗ ನಾನು 6 ನಿಮಿಷ 5 ಸೆಕೆಂಡಿಗೆ ಮುಗಿಸುತ್ತಿದ್ದೆ. 57 ಕೆ.ಜಿ. ಆದಾಗ ಅದು 6 ನಿಮಿಷ 22 ಸೆಕೆಂಡಿಗೆ ಬಂತು. ಎದೆ ಕಟ್ಟಲು ಹೋಗಿ ಓಟ ಕಳೆದುಕೊಳ್ಳುವ ಲಕ್ಷಣ! ಹೊಸ ತೂಕವನ್ನೂ ಕಾಲುಗಳು ಹೊರಬೇಕಲ್ಲ. ಹಾಗೆಂದು ದಿನಾ ಓಡಿದರೆ ತಿಂದದ್ದು ಅಲ್ಲೇ ಖರ್ಚು. ವಾರಕ್ಕೆ ಎರಡೇ ದಿನ ಓಡಿದೆ, ಚೀಲ ಮುಟ್ಟದ ದಿನಗಳಲ್ಲಿ. ಒಂದು ದಿನ 400 ಮೀಟರ್‌ನ ನಾಲ್ಕು ವೇಗದ ಓಟ, ನಡುವೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ ಮಾತನಾಡುತ್ತ ಓಡಬಹುದಾದ ನಿಧಾನ ಓಟ. ಓಡಿದ ದಿನ ಎರಡು ಬಾಳೆಹಣ್ಣು ಹೆಚ್ಚು. ಈಗ 6 ನಿಮಿಷ 14 ಸೆಕೆಂಡು.

ಹನ್ನೊಂದು ತಿಂಗಳಾಯಿತು. ತೂಕ 60 ಕೆ.ಜಿ. ಎದೆ ಉಸಿರು ಎಳೆಯದೆ 86, ಎಳೆದಾಗ ತೊಂಬತ್ತೊಂದೂವರೆ. ಅಳೆದದ್ದು ಅದೇ ಟೈಲರ್, ಅದೇ ಟೇಪು. ಈಗಲೂ ನನ್ನನ್ನು ನೋಡಿ ಯಾರೂ ಜಿಮ್ ಹುಡುಗ ಎನ್ನುವುದಿಲ್ಲ. ಹಳೆಯ ಶರ್ಟುಗಳು ಭುಜದಲ್ಲಿ ಹಿಡಿಯುತ್ತವೆ, ಅಷ್ಟೇ. ಅವುಗಳಲ್ಲಿ ಎರಡು ತಮ್ಮನ ಪಾಲಾಗಿವೆ.

ಉಳಿದಿರುವುದು ಗುಂಡು ಎಸೆತ. 7.26 ಕೆ.ಜಿ. ಗುಂಡನ್ನು 5.60 ಮೀಟರ್ ದೂರ ಎಸೆಯಬೇಕು. 51 ಕೆ.ಜಿ.ಯ ಹುಡುಗನಿಗೆ ಆ ಗುಂಡು ಅವನ ತೂಕದ ಏಳನೇ ಒಂದು ಭಾಗ. ಶುರುವಿನಲ್ಲಿ ನನ್ನದು 4.30 ಮೀಟರ್‌ಗೆ ಬೀಳುತ್ತಿತ್ತು. ಕಾಲೇಜಿನ ಪಿ.ಇ. ಮೇಷ್ಟ್ರು ಹಳೆಯ ಗುಂಡೊಂದನ್ನು ಎರಡು ತಿಂಗಳ ಮಟ್ಟಿಗೆ ಕೊಟ್ಟಿದ್ದಾರೆ. ‘ಕೈಯಲ್ಲಿ ಎಸೀಬೇಡ, ಕಾಲಿಂದ ತಳ್ಳು’ ಎನ್ನುವುದೊಂದೇ ಅವರ ಪಾಠ. ಹಿಂದಿನ ಕಾಲಿನಿಂದ ನೆಲ ಒದ್ದು, ಸೊಂಟ ತಿರುಗಿ, ಕೊನೆಗೆ ಕೈ. ನಿನ್ನೆ ಸಂಜೆ ಮಳೆ ಬಿಟ್ಟಾಗ ಕಣದಾಚೆಯ ಹುಲ್ಲಿನಲ್ಲಿ ಆರು ಸಲ ಎಸೆದೆ. ಅಪ್ಪ ಟೇಪಿನ ಇನ್ನೊಂದು ತುದಿ ಹಿಡಿದಿದ್ದರು. ದೂರ ಬಿದ್ದದ್ದು 5.45 ಮೀಟರ್. ಚೆಕ್‌ರೋಲಿನಲ್ಲಿ ಬರೆದುಕೊಂಡು, ‘ಇನ್ನು ಹದಿನೈದು ಸೆಂಟಿಮೀಟರ್, ನಾಳೆ ಬೆಳಿಗ್ಗೆ ನೋಡೋಣ’ ಎಂದರು.